ಬರೆಯುವುದೋ, ಒಂದೊಂದೇ ಒತ್ತುವುದೋ, ನುಡಿಸುವುದೋ: ಒಂದು ಭಜನೆಗೆ ಮೂರು ದಾರಿ

ನೀರ್ಚಾಲಿನ ನಮ್ಮ ಭಜನಾ ಮಂದಿರದ ಮಕ್ಕಳಿಗೆ ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಟ್ರ್ಯಾಕ್ ಬೇಕಿತ್ತು. ಹಾಡು ಮೋಹನ ರಾಗ, ಮಿಶ್ರಚಾಪು ತಾಳದ ದಾಸರ ಪದ. ಹಾರ್ಮೋನಿಯಂ ನುಡಿಸುವ ಮಾವ ವಾರಕ್ಕೊಮ್ಮೆ ಮಾತ್ರ ಸಿಗುತ್ತಾರೆ. ಮಿಡಿ ಕೀಬೋರ್ಡನ್ನು (ಒತ್ತಿದ ಕೀಲಿಯ ವಿವರವನ್ನು ಕಂಪ್ಯೂಟರಿಗೆ ಕಳಿಸುವ ಕೀಬೋರ್ಡು) ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಧ್ವನಿಮುದ್ರಣದ ಸಾಫ್ಟ್‌ವೇರ್ ಆದ ರೀಪರ್‌ನಲ್ಲಿ ಒಂದೇ ಪಲ್ಲವಿಯನ್ನು ಮೂರು ರೀತಿಯಲ್ಲಿ ಮಾಡಿ ನೋಡಿದೆ.

ಮೊದಲು ಮೌಸ್ ಹಿಡಿದು, ಸ್ವರ-ಕಾಲಗಳ ಚೌಕಗಳಿರುವ ಪಿಯಾನೊ ರೋಲ್‌ನಲ್ಲಿ ಸ್ವರ ಬರೆದೆ. ತಪ್ಪು ಸ್ವರ ಬೀಳುವ ಭಯವಿಲ್ಲ, ಕರೆಂಟು ಹೋಗಿ ಬಂದರೂ ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು. ಆದರೆ ಬರೆದ ಸ್ವರಗಳಿಗೆಲ್ಲ ಒಂದೇ ವೆಲಾಸಿಟಿ. ಅದು 1ರಿಂದ 127ರವರೆಗಿನ ಅಂಕಿ, ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದೆವು ಎಂಬುದರ ಲೆಕ್ಕ. ಒಂದೊಂದು ಸ್ವರಕ್ಕೂ ಅದನ್ನು ಕೈಯಾರೆ ತಿದ್ದುತ್ತಾ ಕೂತರೆ ಎರಡು ಸಾಲಿಗೇ ಸಂಜೆಯಾಗುತ್ತದೆ. ಕೇಳಿಸಿದಾಗ ಮಾವ ಹೇಳಿದ್ದು: "ಮಗಾ, ಸ್ವರ ಎಲ್ಲ ಸರಿ ಉಂಟು. ಗಾಂಧಾರ ಮಾತ್ರ ಅಲ್ಲಾಡುವುದೇ ಇಲ್ಲ."

ಸ್ಟೆಪ್ ಇನ್‌ಪುಟ್‌ನಲ್ಲಿ ಕೀಲಿ ಒತ್ತಿದಂತೆ ಸ್ವರ ಬಿದ್ದು ಕರ್ಸರ್ ಒಂದು ಮನೆ ಮುಂದೆ ಹೋಗುತ್ತದೆ. ಹಿಂದಿನಿಂದ ಹಿಡಿಯುವ, ಹಲವು ಸ್ವರ ಒಟ್ಟಿಗೆ ಒತ್ತುವ ಕಾರ್ಡ್‌ಗಳಿಗೆ ಇದು ಬೇಗ. ಹಾಡಿನ ಸಾಲಿಗೆ ಹೊಂದಲಿಲ್ಲ, ಬಿಟ್ಟೆ.

ಉಳಿದದ್ದು ನೇರ ನುಡಿಸುವುದು. ಇಲ್ಲಿ ಎರಡು ವಿಷಯ ಮೊದಲೇ ಸರಿಮಾಡಿಕೊಳ್ಳಬೇಕು. ಬಫರ್ (ಲ್ಯಾಪ್‌ಟಾಪ್ ಶಬ್ದವನ್ನು ಹೊರಬಿಡುವ ಮೊದಲು ಕೂಡಿಟ್ಟುಕೊಳ್ಳುವ ತುಣುಕು) 1024 ಸ್ಯಾಂಪಲ್ ಇದ್ದರೆ 44,100 ಹರ್ಟ್ಸ್‌ನಲ್ಲಿ ಅದೊಂದೇ 23 ಮಿಲಿಸೆಕೆಂಡ್ ತಡ. ಬೆರಳು ತಾಳದ ಹಿಂದೆ ಬೀಳುತ್ತದೆ. 128ಕ್ಕೆ ಇಳಿಸಿದರೆ 3ರ ಒಳಗೆ ಬರುತ್ತದೆ. ಎರಡನೆಯದು ಕ್ಲಿಕ್, ಅಂದರೆ ತಾಳ ಎಣಿಸುವ ಟಕ್ ಶಬ್ದ. ಸಾಫ್ಟ್‌ವೇರಿಗೆ 7/8 ಎಂದು ಹೇಳಿದರೂ ಅದು ಮೊದಲ ಪೆಟ್ಟನ್ನಷ್ಟೇ ಎತ್ತಿ ಬಡಿಯಿತು, ಮಿಶ್ರಚಾಪಿನ ಮೂರು-ನಾಲ್ಕರ ನಡೆ ಕಿವಿಗೆ ಬೀಳಲಿಲ್ಲ. ಕ್ಲಿಕ್ ನಿಲ್ಲಿಸಿ, ಒಂದನೆಯ ಮತ್ತು ನಾಲ್ಕನೆಯ ಅಕ್ಷರಕ್ಕೆ ತಾಳದ ಶಬ್ದ ಬರೆದು ಅದನ್ನೇ ಪುನರಾವರ್ತಿಸಿದೆ. ಈ ಕೆಲಸಕ್ಕೆ ಮೌಸ್‌ಗಿಂತ ಒಳ್ಳೆಯದಿಲ್ಲ.

ನುಡಿಸಿದ್ದನ್ನು ಕ್ವಾಂಟೈಸ್ ಮಾಡಿದಾಗ (ಸ್ವರಗಳನ್ನು ಹತ್ತಿರದ ತಾಳದ ಗೆರೆಗೆ ಎಳೆಯುವುದು) ಹಾಡು ಮತ್ತೆ ಸತ್ತಂತಾಯಿತು. ಕಾರಣ ಹುಡುಕಲು ಒಂದು ರಾತ್ರಿ ಹಿಡಿಯಿತು. ನನ್ನ ವೇಗ ನಿಮಿಷಕ್ಕೆ 90 ಬೀಟ್. ಹದಿನಾರನೆಯ ಭಾಗದ ಒಂದು ಮನೆ, ಅಂದರೆ ಬೀಟ್‌ನ ಕಾಲುಭಾಗ, ಸುಮಾರು 167 ಮಿಲಿಸೆಕೆಂಡ್. ಗೆರೆಯಿಂದ 83ರೊಳಗೆ ಇರುವ ಸ್ವರವೆಲ್ಲ ಆ ಗೆರೆಗೇ ಹೋಗಿ ಕೂರುತ್ತದೆ. ಪಂಚಮಕ್ಕೆ 60 ಮಿಲಿಸೆಕೆಂಡ್ ಮೊದಲು ತಾಗಿಸಿದ ಗಾಂಧಾರದ ಅನುಸ್ವರ (ಮುಖ್ಯ ಸ್ವರಕ್ಕೆ ಮುನ್ನ ತಾಗಿಸುವ ಕಿರುಸ್ವರ) ಪಂಚಮದ ಮೇಲೆಯೇ ಬಂದು ಬಿತ್ತು. ಈಗ ಮುಖ್ಯ ಸ್ವರಗಳನ್ನಷ್ಟೇ ಆರಿಸಿ, ಎಳೆತದ ಬಲವನ್ನು ಶೇ. 50ಕ್ಕೆ ಇಟ್ಟು ಕ್ವಾಂಟೈಸ್ ಮಾಡುತ್ತೇನೆ. 40 ಮಿಲಿಸೆಕೆಂಡ್ ತಡವಾದ ಸ್ವರ 20ಕ್ಕೆ ಬರುತ್ತದೆ, ಅನುಸ್ವರ ತನ್ನ ಜಾಗದಲ್ಲೇ ಉಳಿಯುತ್ತದೆ.

ಸ್ವರದಿಂದ ಸ್ವರಕ್ಕೆ ಜಾರಲು ಕೀಬೋರ್ಡಿನ ಪಿಚ್ ಬೆಂಡ್ ಚಕ್ರ. ಸಾಮಾನ್ಯವಾಗಿ ಅದರ ವ್ಯಾಪ್ತಿ ಮೇಲೆ-ಕೆಳಗೆ ಎರಡೆರಡು ಅರ್ಧಸ್ವರ. ಮೋಹನದಲ್ಲಿ ಗಾಂಧಾರದಿಂದ ಪಂಚಮಕ್ಕೆ ಮೂರು. ಚಕ್ರವನ್ನು ಪೂರ್ತಿ ತಿರುಗಿಸಿದರೂ ಸ್ವರ ಪ್ರತಿಮಧ್ಯಮದಲ್ಲಿ ನಿಂತಿತು. ಮಧ್ಯಮವೇ ಇಲ್ಲದ ರಾಗದಲ್ಲಿ ಅದನ್ನು ಕೇಳಿ ಎದೆ ಝಲ್ಲೆಂದಿತು. ವಾದ್ಯದ ಸೆಟ್ಟಿಂಗ್‌ನಲ್ಲಿ ವ್ಯಾಪ್ತಿಯನ್ನು 3 ಮಾಡಿದ ಮೇಲೆ ಚಕ್ರದ ಕೊನೆಯೇ ಪಂಚಮವಾಯಿತು. ಮಿಡಿಯ ಬೆಂಡ್ ಸಂದೇಶದಲ್ಲಿ ಇರುವುದು ಚಕ್ರದ ಸ್ಥಾನ ಮಾತ್ರ, ಎಷ್ಟು ಅರ್ಧಸ್ವರ ಎಂಬುದಲ್ಲ. ಹಾಗಾಗಿ ವಾದ್ಯ ಬದಲಿಸಿದರೆ ಈ 3ನ್ನು ಮತ್ತೆ ನೋಡಲೇಬೇಕು. ಬೆಂಡ್ ಇಡೀ ಚಾನೆಲ್ಲಿಗೆ ತಾಗುವುದರಿಂದ ಕಾರ್ಡ್‌ಗಳಿಗೆ ಬೇರೆ ಟ್ರ್ಯಾಕ್ ಇಟ್ಟೆ. ಇಲ್ಲದಿದ್ದರೆ ಅವೂ ಜೊತೆಗೇ ಜಾರುತ್ತವೆ.

ಚಕ್ರವನ್ನು ಸ್ವರದ ಜೊತೆಯಲ್ಲೇ ತಿರುಗಿಸಿದರೆ ನನ್ನ ಎಡಗೈ ತಡವರಿಸುತ್ತದೆ. ಮೊದಲು ಸ್ವರ, ಮತ್ತೆ ಅದರ ಮೇಲೆಯೇ ಸೇರಿಸುವ ಓವರ್‌ಡಬ್‌ನಲ್ಲಿ ಬರೀ ಚಕ್ರ, ಹೀಗೆ ಎರಡು ಸುತ್ತಿನಲ್ಲಿ ಮಾಡಿದ್ದು ಚೆನ್ನಾಗಿ ಬಂತು. ಎಲ್ಲವನ್ನೂ ಬಿಳಿ ಒಂದರಲ್ಲಿ (C ಶ್ರುತಿ) ನುಡಿಸಿ, ಮಕ್ಕಳಿಗಾಗಿ ಸ್ವರಗಳನ್ನೆಲ್ಲ ಒಟ್ಟಿಗೆ ಆರಿಸಿ ಆರು ಅರ್ಧಸ್ವರ ಏರಿಸಿದೆ. ಕಪ್ಪು ಮೂರು (F# ಶ್ರುತಿ) ಅವರ ಗಂಟಲಿಗೆ ಸರಿಯಾಗಿ ಕೂತಿತು. ಚರಣವನ್ನು ಈ ಭಾನುವಾರ ನುಡಿಸಬೇಕು.