‘ಟ್ರಯಲ್ ಮಾಡಿ ಅಕ್ಕ’ ಅಂದವರು, ಟ್ರಯಲ್ ಮಾಡಿದ್ದಕ್ಕೇ ವಾಪಸ್ ತಗೊಳ್ಳಲಿಲ್ಲ

ತುಮಕೂರಿನವರು, ಅದರಲ್ಲೂ ಬೆಳಗ್ಗೆ ಜಿಮ್‌ಗೆ ಹೋಗುವ ಹೆಂಗಸರು, ದಯವಿಟ್ಟು ಪೂರ್ತಿ ಓದಿ. ₹8,900 ಕೊಟ್ಟು ಒಂದು ಲೆಗ್ಗಿಂಗ್ಸ್ ತಗೊಂಡು ಮೋಸ ಹೋದೆ. ಹೌದು, ಒಂದೇ ಒಂದು ಲೆಗ್ಗಿಂಗ್ಸ್. ಎಂಟು ಸಾವಿರದ ಒಂಬೈನೂರು. ಬರೆಯುವಾಗಲೂ ಮೈ ಉರಿಯುತ್ತಿದೆ, ಅರ್ಧ ಸಿಟ್ಟಿಗೆ, ಅರ್ಧ ನಾಚಿಕೆಗೆ. ನಗುವವರು ನಗಲಿ. ಮನೆಯಲ್ಲಿ ಆಗಲೇ ಬೇಕಾದಷ್ಟು ನಕ್ಕಾಗಿದೆ. ‘ಅಷ್ಟು ದುಡ್ಡಿಗೆ ಒಂದು ಒಳ್ಳೆ ರೇಷ್ಮೆ ಸೀರೆ ಬರ್ತಿತ್ತಲ್ಲಮ್ಮ’ ಅಂತ ಅತ್ತೆ ದಿನಕ್ಕೊಂದು ಸಲ ನೆನಪಿಸುತ್ತಾರೆ.

ಅಂಗಡಿ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಆದರೆ ನನ್ನನ್ನು ಹೇಗೆ ಬೀಳಿಸಿದರು ಅನ್ನೋದನ್ನಂತೂ ಹೇಳಲೇಬೇಕು.

ಮಂಡಿ ನೋವು ಅಂತ ಮೊದಲು ಅಮಾನಿಕೆರೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದೆ. ಆಮೇಲೆ ಜಿಮ್ ಸೇರಿದೆ, ಬೆಳಗ್ಗೆ ಆರೂವರೆಯ ಲೇಡೀಸ್ ಬ್ಯಾಚ್. ಎಂ.ಜಿ. ರೋಡಿನಲ್ಲಿ ತಗೊಂಡ ₹350ರ ಕಾಟನ್ ಲೆಗ್ಗಿಂಗ್ಸ್ ಹಾಕಿಕೊಂಡು ಹೋಗುತ್ತಿದ್ದೆ. ಬೆವರಿಗೆ ಅಂಟಿಕೊಳ್ಳುತ್ತಿತ್ತು, ಬಗ್ಗಿದರೆ ಸೊಂಟದಿಂದ ಜಾರುತ್ತಿತ್ತು. ಅದನ್ನು ನೋಡಿ ನನ್ನ ಓರಗಿತ್ತಿ ಒಂದು ಇನ್‌ಸ್ಟಾಗ್ರಾಂ ಸ್ಟೋರಿ ಕಳಿಸಿದಳು. ‘ಇಂಪೋರ್ಟೆಡ್ ಲಕ್ಸುರಿ ಆ್ಯಕ್ಟಿವ್‌ವೇರ್, ಈಗ ನಮ್ಮ ತುಮಕೂರಿನಲ್ಲೇ! ಟ್ರೈ ಮಾಡಿ, ಇಷ್ಟವಾಗದಿದ್ದರೆ 7 ದಿನದಲ್ಲಿ ವಾಪಸ್ ಕೊಡಿ.’ ಈ ಕೊನೆಯ ಸಾಲು ನೆನಪಿಟ್ಟುಕೊಳ್ಳಿ. ನಾನು ಬಿದ್ದದ್ದೇ ಅದಕ್ಕೆ. ಸ್ಟೋರಿ 24 ಗಂಟೆಗೆ ತಾನೇ ಅಳಿಸಿಹೋಗುತ್ತದೆ ಅಂತ ಗೊತ್ತಿದ್ದೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಲಿಲ್ಲ. ಪೆದ್ದಿ ನಾನು.

ಅಂಗಡಿ ಎಸ್.ಎಸ್. ಪುರಂ ಕಡೆ, ಒಂದು ಮನೆಯ ಮಹಡಿ ಮೇಲೆ. ಎ.ಸಿ., ಹಳದಿ ದೀಪ, ಆಳೆತ್ತರದ ಕನ್ನಡಿ, ಹೋದ ತಕ್ಷಣ ಕೈಗೆ ಕಾಫಿ. ಅಲ್ಲಿದ್ದ ಹುಡುಗಿ ಬಾಯ್ತುಂಬ ‘ಅಕ್ಕ, ಅಕ್ಕ’ ಅನ್ನುತ್ತಿದ್ದಳು.

‘ಇದು ನಾರ್ಮಲ್ ಬಟ್ಟೆ ಅಲ್ಲ ಅಕ್ಕ. ನೈಲಾನ್ ವಿತ್ ಲೈಕ್ರಾ. ಬೆಣ್ಣೆ ತರ ಇರುತ್ತೆ, ಮುಟ್ಟಿ ನೋಡಿ.’

ಮುಟ್ಟಿದೆ. ಸುಳ್ಳು ಯಾಕೆ ಹೇಳಲಿ, ಬೆಣ್ಣೆ ಹಾಗೇ ಇತ್ತು. ಬದನೆಕಾಯಿ ಬಣ್ಣ. ನಾನು ಎಲ್ ಸೈಜ್ ಕೇಳಿದೆ. ‘ಎಂ ತಗೊಳ್ಳಿ ಅಕ್ಕ, ಟೈಟಾಗಿದ್ರೇನೇ ಶೇಪ್ ಬರೋದು’ ಅಂದಳು. ಟ್ರಯಲ್ ರೂಮಿನಲ್ಲಿ ಹಾಕಿ ನೋಡಿದೆ. ನಿಂತಾಗ ಚೆನ್ನಾಗೇ ಕಂಡಿತು. ಒಂದು ಸಲ ಕೂತು ಎದ್ದು ನೋಡಬೇಕು ಅಂದೆ. ಅದಕ್ಕೆ ಅವಳು ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ.

‘ಅಯ್ಯೋ, ಈ ಚಿಕ್ಕ ರೂಮಲ್ಲಿ ಏನ್ ನೋಡ್ತೀರಾ ಅಕ್ಕ? ಜಿಮ್‌ಗೆ ಹಾಕ್ಕೊಂಡ್ ಹೋಗಿ ಆರಾಮಾಗಿ ಟ್ರಯಲ್ ಮಾಡಿ. ಅದಕ್ಕೇ ಅಲ್ವಾ ಏಳು ದಿನ ಕೊಟ್ಟಿರೋದು?’

ಜಿಮ್‌ಗೆ ಹಾಕ್ಕೊಂಡ್ ಹೋಗಿ ಅಂದಳು. ಅವಳ ಬಾಯಿಂದಲೇ ಬಂದದ್ದು.

ದುಡ್ಡು ಕೊಡುವಾಗ ಇನ್ನೊಂದು ತಪ್ಪು ಮಾಡಿದೆ. ‘ಜಿ.ಎಸ್.ಟಿ. ಬಿಲ್ ಬೇಕಾ ಅಕ್ಕ? ಹಾಗಾದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ’ ಅಂದಳು. ತಲೆಯಲ್ಲೇ ಲೆಕ್ಕ ಹಾಕಿದೆ, ₹1,602. ಬೇಡ ಬಿಡಮ್ಮ ಅಂದೆ. ಸಾವಿರದ ಆರುನೂರು ಉಳಿಸಿದೆ ಅಂತ ಒಳಗೊಳಗೇ ಖುಷಿ ಬೇರೆ! ಒಂದು ‘ಎಸ್ಟಿಮೇಟ್’ ಚೀಟಿ ಕೊಟ್ಟಳು. ಅದರಲ್ಲಿ ಅಂಗಡಿ ಹೆಸರೂ ಇಲ್ಲ, ನಂಬರೂ ಇಲ್ಲ. ಕ್ಯೂ.ಆರ್. ಸ್ಕ್ಯಾನ್ ಮಾಡಿದರೆ ಯಾರೋ ಗಂಡಸಿನ ಹೆಸರು ಬಂತು. ಆಗಲಾದರೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ₹2,500 ದಾಟಿದ ಬಟ್ಟೆಗೆ 18 ಪರ್ಸೆಂಟ್ ಅನ್ನೋದೇನೋ ನಿಜ. ಆದರೆ ಎಂ.ಆರ್.ಪಿ. ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಮತ್ತೆ ಎಕ್ಸ್‌ಟ್ರಾ ಎಲ್ಲಿಂದ ಬಂತು? ಸೊಸೈಟಿಯಲ್ಲಿ ದಿನವಿಡೀ ಲೆಕ್ಕ ಬರೆಯುವವಳು ನಾನು. ನನಗೇ ಆ ಹೊತ್ತಿಗೆ ಹೊಳೆಯಲಿಲ್ಲ.

ಮೂರನೇ ದಿನ ಜಿಮ್‌ಗೆ ಹಾಕಿಕೊಂಡು ಹೋದೆ. ವಾರ್ಮಪ್ ಆಯಿತು. ಡಂಬೆಲ್ ಹಿಡಿದು ಸ್ಕ್ವಾಟ್ಸ್, ಅಂದರೆ ಕೂತು ಏಳೋದು, ಶುರು ಮಾಡಿದೆ. ಐದೋ ಆರೋ ಆಗಿರಬೇಕು. ನಮ್ಮ ಬ್ಯಾಚಿನಲ್ಲಿ ಒಬ್ಬರು ರಿಟೈರ್ಡ್ ಹೆಡ್‌ಮಿಸ್ ಬರುತ್ತಾರೆ. ಅವರು ಟ್ರೆಡ್‌ಮಿಲ್ ನಿಲ್ಲಿಸಿ ಸೀದಾ ನನ್ನ ಹಿಂದೆ ಬಂದು ನಿಂತರು. ಕುತ್ತಿಗೆಗೆ ಹಾಕಿಕೊಂಡಿದ್ದ ಟವೆಲ್ ತೆಗೆದು ನನ್ನ ಸೊಂಟಕ್ಕೆ ಸುತ್ತಿದರು.

‘ಇದನ್ನ ಕಟ್ಕೊ ಮಗಳೇ. ಈಗ ಏನೂ ಕೇಳ್ಬೇಡ.’

ಟ್ರೈನರ್ ಹುಡುಗಿ ಗೋಡೆ ಕಡೆ ತಿರುಗಿ ನಿಂತಿದ್ದಳು. ಬಾತ್‌ರೂಮಿಗೆ ಹೋಗಿ ಕನ್ನಡಿಗೆ ಬೆನ್ನು ಮಾಡಿ ಬಗ್ಗಿ ನೋಡಿದೆ. ನಿಂತಾಗ ಬದನೆಕಾಯಿ ಬಣ್ಣ. ಬಗ್ಗಿದರೆ ಸೊಳ್ಳೆ ಪರದೆ. ಒಳಗೆ ಹಾಕಿದ್ದರ ಮೇಲಿನ ಹೂವುಗಳನ್ನು ಎಣಿಸಬಹುದಿತ್ತು. ಆ ಟವೆಲ್ ಕಟ್ಟಿಕೊಂಡೇ ಸ್ಕೂಟಿ ಓಡಿಸಿಕೊಂಡು ಮನೆಗೆ ಬಂದೆ. ದಾರಿಯಲ್ಲಿ ಅಳು ಬಂತು, ನಿಜವಾಗಲೂ.

ಅವತ್ತು ಸಂಜೆಯೇ ವಾಪಸ್ ಕೊಡಲು ಹೋದೆ. ಏಳು ದಿನದಲ್ಲಿ ಮೂರೇ ದಿನ ಆಗಿತ್ತು. ಟ್ಯಾಗು, ಡಬ್ಬ, ಚಿನ್ನದ ಬಣ್ಣದ ರಿಬ್ಬನ್ ಎಲ್ಲಾ ಹಾಗೇ ಇತ್ತು. ಈ ಸಲ ಹುಡುಗಿ ಇರಲಿಲ್ಲ, ಓನರ್ ಹೆಂಗಸು ಇದ್ದರು. ಕಾಫಿ ಇಲ್ಲ. ಅಕ್ಕನೂ ಇಲ್ಲ. ಕೊಳ್ಳುವವರೆಗೆ ಅಕ್ಕ ಆಗಿದ್ದವಳು ಮೂರೇ ದಿನದಲ್ಲಿ ‘ಮೇಡಂ’ ಆಗಿಬಿಟ್ಟಿದ್ದೆ.

‘ಮೇಡಂ, ಇದು ಯೂಸ್ ಆಗಿದೆ.’

‘ಹೌದು, ಟ್ರಯಲ್ ಮಾಡಿದೆ. ನೀವೇ ಮಾಡಿ ಅಂದಿದ್ರಲ್ಲ?’

‘ಟ್ರಯಲ್ ಅಂದ್ರೆ ಟ್ರಯಲ್ ಮೇಡಂ. ವರ್ಕೌಟ್ ಅಲ್ಲ.’

‘ವರ್ಕೌಟ್ ಪ್ಯಾಂಟನ್ನ ವರ್ಕೌಟ್ ಮಾಡದೆ ಹೇಗ್ರೀ ಟ್ರಯಲ್ ಮಾಡೋದು?’

‘ಬೆವರು ತಾಗಿದೆ. ನಮ್ಮದು ಹೈಜೀನ್ ಪಾಲಿಸಿ ಇದೆ ಮೇಡಂ.’

‘ಸರಿ, ಒಗೆದು ತಂದಿದ್ರೆ?’

‘ಒಗೆದಿದ್ರೆ ಮುಟ್ಟೋದೇ ಇಲ್ಲ ಮೇಡಂ. ಸ್ಟ್ರೆಚ್ ಹೋಗಿರುತ್ತೆ.’

ಗೊತ್ತಾಯಿತಾ? ಒಗೆಯದಿದ್ದರೆ ಬೆವರು, ಒಗೆದರೆ ಸ್ಟ್ರೆಚ್. ಹಾಕಿಕೊಳ್ಳದೆ ಡಬ್ಬದಲ್ಲೇ ಇಟ್ಟು ತಂದುಕೊಟ್ಟರೆ ಮಾತ್ರ ಅವರ ಪ್ರಕಾರ ಅದು ಟ್ರಯಲ್. ನಾನು ಬಟ್ಟೆ ಹಿಗ್ಗಿಸಿ ತೋರಿಸಿದೆ, ಒಳಗೆ ಕೈ ತೂರಿಸಿ ನನ್ನ ಬಳೆ ತೋರಿಸಿದೆ. ಬಳೆಯ ಗೀರು ಸಮೇತ ಕಾಣುತ್ತಿತ್ತು. ಆಯಮ್ಮ ಅದನ್ನು ನೋಡಲಿಲ್ಲ. ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

‘ಪ್ರಾಬ್ಲಂ ಬಟ್ಟೆದಲ್ಲ ಮೇಡಂ. ನಿಮ್ಮ ತೊಡೆ ಸ್ವಲ್ಪ... ಈ ಬ್ರ್ಯಾಂಡ್ ಎಲ್ಲರಿಗೂ ಸೂಟ್ ಆಗಲ್ಲ.’

ಅಲ್ಲಿ ಇನ್ನಿಬ್ಬರು ಹುಡುಗಿಯರು ಬಟ್ಟೆ ನೋಡುತ್ತಿದ್ದರು. ಇಬ್ಬರೂ ತಿರುಗಿ ನನ್ನ ಕಾಲು ನೋಡಿದರು. ಬಾಯಿಂದ ಒಂದು ಮಾತು ಹೊರಡಲಿಲ್ಲ ನನಗೆ. ಕವರ್ ಎತ್ತಿಕೊಂಡು ಬಂದುಬಿಟ್ಟೆ. ಎಲ್ ಕೇಳಿದವಳಿಗೆ ಎಂ ಕೊಟ್ಟವರು ಯಾರು ಅನ್ನೋ ಪ್ರಶ್ನೆ ಟೌನ್ ಹಾಲ್ ಸರ್ಕಲ್ ಹತ್ತಿರ ಬಂದಾಗ ನೆನಪಾಯಿತು. ಸಿಗ್ನಲ್‌ನಲ್ಲಿ ಒಬ್ಬಳೇ ಗೊಣಗುತ್ತಾ ನಿಂತಿದ್ದೆ.

ಮನೆಗೆ ಬಂದು ವಾಟ್ಸಾಪ್ ಮಾಡಿದೆ. ‘ಪ್ಲೀಸ್ ರೀಡ್ ಅವರ್ ಪಾಲಿಸಿ’ ಅಂತ ಬಂತು, ಜೊತೆಗೆ ಕೈಮುಗಿಯುವ ಎಮೋಜಿ. ಎಲ್ಲಿದೆ ಪಾಲಿಸಿ ಅಂದೆ. ಮತ್ತೆ ಅದೇ ಸಾಲು, ಮತ್ತೆ ಅದೇ ಕೈಮುಗಿಯುವ ಎಮೋಜಿ. ಸ್ಟೋರಿಯಲ್ಲಿ ವಾಪಸ್ ಅಂತ ಬರೆದಿದ್ರಲ್ಲ ಅಂದರೆ ‘ಯಾವ ಸ್ಟೋರಿ ಮೇಡಂ? ಕಳಿಸಿ ನೋಡೋಣ’ ಅಂದರು. ಅವರಿಗೆ ಗೊತ್ತು, ಅದು ಅಳಿಸಿಹೋಗಿದೆ ಅಂತ. ಓರಗಿತ್ತಿ ಕಳಿಸಿದ್ದನ್ನು ಒತ್ತಿದರೆ ‘ಲಭ್ಯವಿಲ್ಲ’ ಅಂತ ಬರುತ್ತದೆ. ಮಾರನೇ ದಿನ ಅವರ ಡಿ.ಪಿ. ಕಾಣಿಸಲಿಲ್ಲ, ಮೆಸೇಜಿಗೆ ಎರಡನೇ ಟಿಕ್ ಬೀಳಲಿಲ್ಲ. ಬ್ಲಾಕ್.

ನನಗೆ ಬ್ಲೌಸ್ ಹೊಲಿದುಕೊಡುವ ಟೈಲರ್ ಆಂಟಿಗೆ ತೋರಿಸಿದೆ. ಅವರು ಲೆಗ್ಗಿಂಗ್ಸ್ ಒಳಗಡೆ ತಿರುವಿ ಕನ್ನಡಕ ಏರಿಸಿದರು. ಸೊಂಟದ ಪಟ್ಟಿಯ ಒಳಗೆ ಲೇಬಲ್ ಇದ್ದ ಜಾಗದಲ್ಲಿ ಕತ್ತರಿಯಲ್ಲಿ ಕತ್ತರಿಸಿದ ಒಂದು ಚೂರು ಉಳಿದಿತ್ತು. ಜಿಮ್‌ನಲ್ಲಿ ಚುಚ್ಚುತ್ತಿದ್ದದ್ದು ಅದೇ. ಕೆಳಗೆ ಸೈಡ್ ಹೊಲಿಗೆಯಲ್ಲಿ ಒಗೆಯುವ ಸೂಚನೆಯ ಸಣ್ಣ ಲೇಬಲ್ ಒಂದನ್ನು ಕತ್ತರಿಸಲು ಮರೆತಿದ್ದರು. ‘92% ಪಾಲಿಯೆಸ್ಟರ್, 8% ಸ್ಪ್ಯಾಂಡೆಕ್ಸ್.’ ಸ್ಪ್ಯಾಂಡೆಕ್ಸ್ ಅಂದರೆ ಲೈಕ್ರಾ ಜಾತಿಯ ಹಿಗ್ಗುವ ನೂಲು, ಅದು ಸರಿ. ಆದರೆ ನೈಲಾನ್ ಅನ್ನೋ ಪದವೇ ಇಲ್ಲ. ಪಾಲಿಯೆಸ್ಟರ್ ಕೆಟ್ಟದ್ದು ಅಂತಲ್ಲ, ಆಟದ ಬಟ್ಟೆ ಎಷ್ಟೋ ಅದರಲ್ಲೇ ಬರುತ್ತವೆ. ಆದರೆ ನೈಲಾನ್ ಅಂತ ಹೇಳಿ ಮಾರಿದ್ರಲ್ಲ, ನನ್ನ ಸಿಟ್ಟು ಅದಕ್ಕೆ.

ಆಂಟಿ ಹೊಲಿಗೆ ಮೇಲೆ ಉಗುರು ಎಳೆದು ತೋರಿಸಿದರು. ‘ನೋಡು, ಇದು ಬರೀ ಓವರ್‌ಲಾಕ್. ಒಳ್ಳೆ ಮಾಲಾದ್ರೆ ಹೊಲಿಗೆ ಚಪ್ಪಟೆ ಕೂತಿರುತ್ತೆ, ಚರ್ಮಕ್ಕೆ ಉಜ್ಜಲ್ಲ. ಕಾಲೆರಡೂ ಸೇರೋ ಕಡೆ ಒಂದು ಪೀಸ್ ಕೊಟ್ಟಿರ್ತಾರೆ. ಇದರಲ್ಲಿ ಅದೂ ಇಲ್ಲ. ನಾಲ್ಕು ಹೊಲಿಗೆ ಒಂದೇ ಕಡೆ ತಂದು ಸೇರಿಸಿಬಿಟ್ಟಿದ್ದಾರೆ.’ ಹೆಣಿಗೆ ತೆಳ್ಳಗಿದ್ದರೆ ಎಳೆದಾಗ ನೂಲಿನ ಮಧ್ಯೆ ಸಂದಿ ಬಿಡುತ್ತದೆ, ಅದಕ್ಕೇ ಒಳಗಿನದೆಲ್ಲ ಕಾಣುತ್ತದೆ, ನಿನ್ನ ತೊಡೆಗೂ ಅದಕ್ಕೂ ಸಂಬಂಧ ಇಲ್ಲ ಅಂದರು. ಆ ಮಾತು ಕೇಳಿ ಎಷ್ಟು ಸಮಾಧಾನ ಆಯಿತು ಅಂದರೆ, ಇನ್ನೂ ಎರಡು ಬ್ಲೌಸ್ ಹೊಲಿಯಲು ಕೊಟ್ಟು ಬಂದೆ.

ಆದರೂ ರಾತ್ರಿ ನಿದ್ದೆ ಬರಲಿಲ್ಲ. ಆ ತೊಡೆ ಮಾತು ತಲೆಯಲ್ಲೇ ಸುತ್ತುತ್ತಿತ್ತು. ಮೊಬೈಲ್ ಹಿಡಿದು ಹುಡುಕುತ್ತಾ ಕೂತೆ. ಕೆನಡಾದ ಲುಲುಲೆಮನ್ ಅಂತ ದೊಡ್ಡ ಕಂಪನಿ ಇದೆಯಲ್ಲ, ಈ ದುಬಾರಿ ಲೆಗ್ಗಿಂಗ್ಸ್ ಹುಚ್ಚಿಗೆ ದೊಡ್ಡಮ್ಮ ಇದ್ದ ಹಾಗೆ, ಅವರಿಗೂ 2013ರಲ್ಲಿ ಇದೇ ಆಗಿತ್ತು. ಕಪ್ಪು ಯೋಗ ಪ್ಯಾಂಟ್‌ಗಳು ಬಗ್ಗಿದರೆ ಒಳಗೆ ಕಾಣುತ್ತಿದ್ದವು. ಅಂಗಡಿಗಳಲ್ಲಿದ್ದ ಹೆಂಗಸರ ಪ್ಯಾಂಟ್‌ಗಳಲ್ಲಿ ಸುಮಾರು 17 ಪರ್ಸೆಂಟ್ ಮಾಲು ಹಿಂದಕ್ಕೆ ತೆಗೆದರು. ಆಮೇಲೆ ನವೆಂಬರಿನಲ್ಲಿ ಅದರ ಸ್ಥಾಪಕ ಚಿಪ್ ವಿಲ್ಸನ್ ಟಿ.ವಿ.ಯಲ್ಲಿ ಕೂತು, ಕೆಲವು ಹೆಂಗಸರ ಮೈಗೆ ಈ ಪ್ಯಾಂಟ್ ಹೊಂದುವುದಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ. ತೊಡೆಗಳು ಉಜ್ಜುವುದು, ಒತ್ತಡ ಬೀಳುವುದು ಅಂತೆಲ್ಲ. ಗಲಾಟೆ ಎದ್ದಿತು, ಕ್ಷಮೆ ಕೇಳಿದ, ಡಿಸೆಂಬರಿನಲ್ಲಿ ಅಧ್ಯಕ್ಷ ಸ್ಥಾನ ಬಿಡುತ್ತೇನೆ ಅಂತ ಹೇಳಬೇಕಾಯಿತು. ಕೆನಡಾದಲ್ಲೂ ತೊಡೆ, ತುಮಕೂರಿನಲ್ಲೂ ತೊಡೆ! ವ್ಯತ್ಯಾಸ ಇಷ್ಟೇ, ಅವರು ಮಾಲು ವಾಪಸ್ ತಗೊಂಡರು. ನಮ್ಮ ಎಸ್.ಎಸ್. ಪುರಂ ಆಯಮ್ಮ ನನ್ನ ನಂಬರ್ ಬ್ಲಾಕ್ ಮಾಡಿದರು.

ನಮ್ಮ ಸೊಸೈಟಿಯ ಕೋರ್ಟ್ ಕೆಲಸ ನೋಡಿಕೊಳ್ಳುವ ವಕೀಲರು ಬಂದಾಗ ಕೇಳಿದೆ. ಮುಖ ಕೆಳಗೆ ಹಾಕಿಕೊಂಡೇ ಕೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರುವುದೇ ತಪ್ಪು ವ್ಯಾಪಾರವಂತೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳದಿದ್ದರೆ ಅದೂ ತಪ್ಪು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ‘ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ನೋಡೋಣ’ ಅಂದರು. ಮಾಡಿದೆ. ದೂರು ನಂಬರ್ ಬಂದಿದೆ. ಯು.ಪಿ.ಐ. ದಾಖಲೆ, ಆ ಎಸ್ಟಿಮೇಟ್ ಚೀಟಿ, ಎರಡೂ ಲೇಬಲ್‌ಗಳ ಫೋಟೋ ಇಟ್ಟುಕೊಂಡಿದ್ದೇನೆ. ಲೆಗ್ಗಿಂಗ್ಸ್ ಒಗೆಯದೆ ಕವರಿನಲ್ಲಿ ಕಟ್ಟಿ ಬೀರುವಿನ ಮೇಲಿಟ್ಟಿದ್ದೇನೆ. ಅತ್ತೆ ಅದನ್ನು ‘ಮುದ್ದೆಮಾಲು’ ಅಂತ ಕರೆಯುತ್ತಾರೆ.

ಇಷ್ಟಾದ ಮೇಲೆ ಬೇರೆ ನಂಬರಿನಿಂದ ಫೋನ್ ಬಂತು. ಮತ್ತೆ ಅದೇ ಹುಡುಗಿ, ಮತ್ತೆ ‘ಅಕ್ಕ’. ₹3,000ಕ್ಕೆ ಕ್ರೆಡಿಟ್ ಕೊಡ್ತೀವಿ, ಅಂಗಡಿಯಲ್ಲಿ ಬೇರೆ ಏನಾದ್ರೂ ತಗೊಳ್ಳಿ, ಕಂಪ್ಲೇಂಟ್ ವಾಪಸ್ ತಗೊಳ್ಳಿ ಅಂತ. ಆ ಅಂಗಡಿಯಲ್ಲಿ ಇನ್ನೊಂದು ಬಟ್ಟೆ ತಗೊಳ್ಳಬೇಕಂತೆ ನಾನು! ಪಾಪ, ಅವಳಿಗೆ ಸಂಬಳ ಎಷ್ಟಿರುತ್ತೋ ಏನೋ, ಬೈಯಲು ಮನಸ್ಸಾಗಲಿಲ್ಲ. ‘ಪೂರ್ತಿ ದುಡ್ಡು, ಅಕೌಂಟಿಗೆ’ ಅಂದು ಫೋನ್ ಇಟ್ಟೆ.

ಅಂಥ ಅಂಗಡಿಗೆ ಹೋಗಲೇಬೇಕು ಅಂತಿದ್ದರೆ ಅಲ್ಲೇ, ಅವರ ಮುಂದೆಯೇ, ಪೂರ್ತಿ ಕೂತು ಎದ್ದು ನೋಡಿ. ಹಳದಿ ದೀಪದ ಕೆಳಗಲ್ಲ, ಕಿಟಕಿ ಹತ್ತಿರ ಹೋಗಿ. ಚಿಕ್ಕ ರೂಮು ಅಂದರೆ ಹೊರಗೆ ಬಂದು ಮಾಡಿ, ಯಾರು ನಕ್ಕರೂ ಪರವಾಗಿಲ್ಲ. ಇಂಪೋರ್ಟೆಡ್ ಅಂದರೆ ಆಮದು ಮಾಡಿದವರ ಹೆಸರು, ವಿಳಾಸ, ದೇಶ, ಎಂ.ಆರ್.ಪಿ. ಪ್ಯಾಕಿನ ಮೇಲೆ ಇರಲೇಬೇಕು. ನನ್ನ ಡಬ್ಬದ ಮೇಲೆ ಇದ್ದದ್ದು ರಿಬ್ಬನ್ ಮಾತ್ರ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ವಾಪಸ್ ತಗೊಳ್ತೀವಿ ಅನ್ನೋದನ್ನು ಬಿಲ್ ಮೇಲೇ ಬರೆಸಿಕೊಳ್ಳಿ, ‘ಜಿಮ್‌ನಲ್ಲಿ ಹಾಕಿದರೂ’ ಅಂತ ಸೇರಿಸಿ.

ನಿನ್ನೆ ರಾತ್ರಿ ಓರಗಿತ್ತಿ ಫೋನ್ ಮಾಡಿದಳು. ಅವಳನ್ನು ಇನ್ನೂ ಬ್ಲಾಕ್ ಮಾಡಿಲ್ಲ. ಮತ್ತೆ ಸ್ಟೋರಿ ಹಾಕಿದ್ದಾರಂತೆ. ‘ಟ್ರಯಲ್ ವೀಕ್! ಟ್ರೈ ಮಾಡಿ, ಇಷ್ಟವಾಗದಿದ್ದರೆ 7 ದಿನದಲ್ಲಿ ವಾಪಸ್ ಕೊಡಿ.’ ಅದೇ ಬದನೆಕಾಯಿ ಬಣ್ಣ, ಅದೇ ₹8,900. ಮೊದಲು ಸ್ಕ್ರೀನ್‌ಶಾಟ್ ತೆಗಿ, ಆಮೇಲೆ ಮಾತಾಡು ಅಂದೆ. ತೆಗೆದು ಕಳಿಸಿದಳು. ತಾರೀಖು, ಟೈಮು ಎಲ್ಲಾ ಸ್ಪಷ್ಟವಾಗಿದೆ. ಬೆಳಗ್ಗೆ ವಕೀಲರಿಗೆ ಕಳಿಸಿದ್ದೇನೆ.