ಕಡೂರು ರೋಡಿನ ಗ್ಯಾರೇಜು, ನನ್ನ ಅಬಾರ್ತ್ ಪುಂಟೊ: ಎಂಟು ತಿಂಗಳು ಓಡಿಸಿದ ಮೇಲೆ

ನಮ್ಮ ಚಿಕ್ಕಮಗಳೂರಲ್ಲಿ ಸ್ವಲ್ಪ ಜೋರು ಗಾಡಿ ಇಟ್ಕೊಂಡಿರೋರು ಏನೇ ಕೆಲ್ಸ ಇದ್ರೂ ಬೆಂಗಳೂರಿಗೇ ಓಡ್ತಾರೆ, ನಾನೂ ಅದನ್ನೇ ಮಾಡ್ತಿದ್ದೆ. ಈಗ ಎಂಟು ತಿಂಗಳಿಂದ ಊರಲ್ಲೇ, ಕಡೂರು ರೋಡಲ್ಲಿ ಊರು ದಾಟಿದ ಮೇಲೆ ಎಡಕ್ಕೆ ತಗಡಿನ ಶೆಡ್ಡಿನ ಒಂದು ಗ್ಯಾರೇಜಿದೆ, ಅಲ್ಲೇ ಮಾಡಿಸ್ತಿದೀನಿ. ಬೋರ್ಡಿಲ್ಲ. ಅಲ್ಲಿ ಏನು ಮಾಡಿದ್ರು, ಎಷ್ಟು ಖರ್ಚಾಯ್ತು, ಎಲ್ಲಿ ಬೇಜಾರಾಯ್ತು ಎಲ್ಲಾ ಬರೀತೀನಿ, ಯಾಕಂದ್ರೆ ಈ ಕೆಲ್ಸ ಮಾಡ್ಸೋಕೆ ಮುಂಚೆ ನಾನು ಹುಡುಕಿದಾಗ ನಮ್ಮ ಕಡೆಯೋರು ಬರೆದಿದ್ದು ಒಂದೂ ಸಿಗ್ಲಿಲ್ಲ.

ಗಾಡಿ 2016ರ ಅಬಾರ್ತ್ ಪುಂಟೊ, ಅಂದ್ರೆ ಫಿಯಟ್ ಪುಂಟೊದ ಜೋರು ಅವತಾರ. 1.4 ಟಿ-ಜೆಟ್ ಟರ್ಬೊ ಪೆಟ್ರೋಲ್, ಪವರ್ 145 ಪಿಎಸ್, ಎಳೆಯೋ ಶಕ್ತಿ (ಟಾರ್ಕ್) 212 ಎನ್‌ಎಂ, ಐದು ಗೇರು, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ನೋಡೋಕೆ ಮನೆ ಮಂದಿ ಕೂರೋ ಹ್ಯಾಚ್‌ಬ್ಯಾಕು, ಆದ್ರೆ ಎರಡು ಸಾವಿರ ಆರ್‌ಪಿಎಂ ದಾಟಿದ್ಮೇಲೆ ಎಳೆಯೋ ರೀತಿ ನೋಡಿದ್ರೆ ಇದು ಬೇರೆ ಜಾತಿ ಅಂತ ಗೊತ್ತಾಗತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡು ನಾಲ್ಕು ವರ್ಷ ಆಯ್ತು, ಜೀವ ಇಟ್ಕೊಂಡಿದೀನಿ ಅದ್ರ ಮೇಲೆ.

ಮೊದಲು ಬೆಂಗಳೂರಲ್ಲಿ ಒಂದು ಕಡೆ ಬಿಟ್ಟಿದ್ದೆ, ಹೆಸರು ಬೇಡ. ಅವ್ರು ಲೋವರಿಂಗ್ ಸ್ಪ್ರಿಂಗ್ (ಗಾಡಿ ಇಳಿಸೋ ಗಿಡ್ಡ ಸ್ಪ್ರಿಂಗು) ಹಾಕಿ ಗಾಡಿನ ಇನ್ನೂ ಕೆಳಗಿಳಿಸಿಬಿಟ್ರು. ಕಂಪನಿಯಿಂದ ಬರೋವಾಗ್ಲೇ ಅಬಾರ್ತ್‌ಗೆ ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್, ಅದ್ರಲ್ಲಿ ಇನ್ನೂ ಇಳಿಸಿದ್ರೆ ನಮ್ಮ ಆಲ್ದೂರು ಕಡೆ ಹಂಪುಗಳಿಗೆ ಉಳಿಯೋದೇನು ಹೇಳಿ. ಪ್ರತಿ ಹಂಪಿಗೂ ಹೊಟ್ಟೆ ಉಜ್ಜೋದು, ತೋಟದ ಗೇಟಿನ ಹತ್ರ ಮೋರಿ ದಾಟೋವಾಗ ಮುಂದಿನ ಬಂಪರ್ ಕೆಳಗೆ ಕರ್ ಅಂತ ಸದ್ದು. ಅದನ್ನ ಸಹಿಸ್ಕೊಂಡು ಒಂದು ವರ್ಷ ಓಡಿಸ್ದೆ.

ಬುದ್ಧಿ ಬಂದಿದ್ದು ಚಾರ್ಮಾಡಿಲಿ. ಹೋದ ವರ್ಷ ಮಳೆಗಾಲ ಶುರುವಾಗೋ ಹೊತ್ತು, ಅಮ್ಮನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳೀತಿದೀವಿ, ಅರ್ಧ ದಾರಿಲಿ ಸುಟ್ಟ ವಾಸನೆ, ಒಂದು ತಿರುವಲ್ಲಿ ಬ್ರೇಕ್ ಒತ್ತಿದ್ರೆ ಪೆಡಲ್ ಸ್ಪಂಜಿನ ಥರ ಒಳಗೆ ಹೋಯ್ತು. ಎರಡನೇ ಗೇರಿಗೆ ಹಾಕಿ, ಪೆಡಲ್‌ನ ಎರಡು ಮೂರು ಸಲ ಪಂಪ್ ಮಾಡಿ ಹೆಂಗೋ ಬದಿಗೆ ನಿಲ್ಲಿಸ್ದೆ. ಅಮ್ಮ ಏನೂ ಮಾತಾಡ್ಲಿಲ್ಲ, ಸೀಟಿನ ಹಿಡಿ ಬಿಡ್ಲೇ ಇಲ್ಲ ಅಷ್ಟೆ. ಆ ದಿನದಿಂದ ನಂಗೆ ಪವರ್ ಹೆಚ್ಚು ಮಾಡೋ ಯೋಚ್ನೆನೇ ಹೋಯ್ತು.

ಈ ಗ್ಯಾರೇಜಿನ ಅಣ್ಣನ ಬಗ್ಗೆ ಹೇಳಿದ್ದು ಪಕ್ಕದ ತೋಟದೋರು. ಈ ಅಣ್ಣ ನಮ್ಮ ಜಿಲ್ಲೆಲಿ ರ‍್ಯಾಲಿ ನಡೆಯೋ ಕಾಲಕ್ಕೆ ಸರ್ವಿಸ್ ಹುಡುಗನಾಗಿ ಕೆಲ್ಸ ಮಾಡಿದೋರಂತೆ. ಗೊತ್ತಿಲ್ಲದೋರಿಗೆ ಹೇಳ್ಬೇಕು, ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು ನಮ್ಮ ಕಾಫಿ ತೋಟದ ಮಣ್ಣು ರಸ್ತೆಗಳಲ್ಲೇ ನಡೆದಿದೆ, ಗೌರವ್ ಗಿಲ್ 2013, 2016, 2017 ಮೂರು ಸಲ ಆ ಚಾಂಪಿಯನ್‌ಶಿಪ್ ಗೆದ್ದಿದಾರೆ. ಅಂಥ ಕಡೆ ಹೊತ್ತು ಗೊತ್ತಿಲ್ಲದೆ ಗಾಡಿ ಬಿಚ್ಚಿ ಕಟ್ಟಿದ ಕೈ ಅದು, ಅವ್ರು ಸ್ಪ್ಯಾನರ್ ಹಿಡಿಯೋದ್ರಲ್ಲೇ ಗೊತ್ತಾಗತ್ತೆ.

ನಾನು ಹೋಗಿ ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸಿ ಪವರ್ ಹೆಚ್ಚಿಸೋದು) ಮಾಡ್ತೀರಾ ಅಂತ ಕೇಳಿಲ್ಲ, ಆದ್ರೂ ಅವ್ರೇ ಮೊದ್ಲು ಹೇಳಿದ್ರು, "ಪವರ್ ವಿಷ್ಯ ಈಗ ಬೇಡ ಸರ್, ಮೊದ್ಲು ಗಾಡಿ ನಿಲ್ಲೋದು ನೋಡಣ." ಆಮೇಲೆ ಬರೀ ಪ್ರಶ್ನೆ. ತಿಂಗಳಿಗೆ ಎಷ್ಟು ಓಡ್ಸ್ತೀರ, ಮನೆ ರಸ್ತೆ ಟಾರಾ ಮಣ್ಣಾ, ಅಮ್ಮ ಕೂರ್ತಾರಾ, ಟ್ರ್ಯಾಕಿಗೆ ವರ್ಷಕ್ಕೆ ಎಷ್ಟು ಸಲ, ಯಾವ ಟ್ರ್ಯಾಕು. ಬೆಂಗಳೂರಲ್ಲಿ ಇದ್ರಲ್ಲಿ ಒಂದನ್ನೂ ಯಾರೂ ಕೇಳಿರ್ಲಿಲ್ಲ, ಕ್ಯಾಟಲಾಗ್ ತೋರಿಸಿದ್ರು ಅಷ್ಟೆ.

ಮೊದಲು ಬ್ರೇಕ್ ಆಯಿಲ್. ಒಬ್ಬ ಹುಡುಗ ಒಳಗೆ ಕೂತು ಪೆಡಲ್ ಒತ್ತೋದು, ಅಣ್ಣ ಚಕ್ರದ ಹಿಂದೆ ಮಲ್ಕೊಂಡು "ಒತ್ತು… ಹಿಡ್ಕೋ… ಬಿಡು" ಅನ್ನೋದು, ಸಣ್ಣ ಪೈಪಿನಿಂದ ಹಳೇ ಆಯಿಲ್ ಬಾಟ್ಲಿಗೆ ಬೀಳೋದು. ಆ ಬಾಟ್ಲಿನ ಬೆಳಕಿಗೆ ಹಿಡಿದು ತೋರಿಸಿದ್ರು, ಡಿಕಾಕ್ಷನ್ ಬಣ್ಣ! ಹೊಸದು ಜೇನಿಗಿಂತ ತಿಳಿ ಇರತ್ತೆ. ಈ ಆಯಿಲ್ ಗಾಳಿಲಿರೋ ನೀರಿನ ಪಸೆ ಹೀರ್ಕೊಳತ್ತೆ, ನೀರು ಸೇರಿದಷ್ಟೂ ಬೇಗ ಕುದಿಯತ್ತೆ, ಕುದ್ರೆ ಒಳಗೆ ಆವಿ ಗುಳ್ಳೆ, ಗುಳ್ಳೆ ಒತ್ತಿದ್ರೆ ಕುಗ್ಗತ್ತೆ, ಅದಕ್ಕೇ ಪೆಡಲ್ ಒಳಗೆ ಹೋಗೋದು. ಡಾಟ್ ಅನ್ನೋದು ಬ್ರೇಕ್ ಆಯಿಲಿನ ದರ್ಜೆ, ಡಾಟ್ 4 ಅಂದ್ರೆ ಹೊಸದಾಗಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿ ತನಕ ತಡೀಬೇಕು, ನೀರು ಕುಡಿದ ಮೇಲೆ 155ಕ್ಕೆ ಇಳಿಯತ್ತೆ. ಡಾಟ್ 5.1ಗೆ ಅದು 260, 180. ನಮ್ಮಂಥ ಮಳೆ ಊರಲ್ಲಿ ಗಾಡಿ ತಗೊಂಡಾಗಿಂದ ಬದಲಾಯಿಸದೆ ಬಿಟ್ಟಿದ್ದೆ ಅಂದ್ರೆ ಚಾರ್ಮಾಡಿಲಿ ಆಗಿದ್ದಕ್ಕೆ ಬೇರೆ ಕಾರಣ ಹುಡುಕ್ಬೇಕಾಗಿಲ್ಲ. ಈಗ 5.1 ಹಾಕಿದಾರೆ, ವರ್ಷಕ್ಕೊಂದ್ಸಲ ಬದಲಾಯಿಸ್ಲೇಬೇಕು ಅಂದಿದಾರೆ. ಡಾಟ್ 5 ಅನ್ನೋದು ಬೇರೆ, ಅದು ಸಿಲಿಕೋನು, ನಂಬರ್ ಹತ್ರ ಇದೆ ಅಂತ ಅದನ್ನ ತಂದು ಹಾಕ್ಬೇಡಿ.

ಪ್ಯಾಡು ಎರಡು ಸೆಟ್. ರೋಡಿಗೆ ಒಂದು, ಟ್ರ್ಯಾಕಿಗೆ ಒಂದು. ಟ್ರ್ಯಾಕ್ ಪ್ಯಾಡ್ ಬಿಸಿಯಾಗದೆ ಸರಿಯಾಗಿ ಹಿಡಿಯಲ್ಲ, ಬೆಳಿಗ್ಗೆ ಆರಕ್ಕೆ ಮಂಜಲ್ಲಿ ಗಾಡಿ ತೆಗೆದಾಗ ಎದುರಿಗೆ ಹಸು ಬಂದ್ರೆ ಅದನ್ನ ನಂಬೋ ಹಾಗಿಲ್ಲ, ಕೀರಲು ಸದ್ದು ಬೇರೆ. ಬ್ರೇಕ್ ಹೋಸ್‌ಗಳನ್ನ ಸ್ಟೀಲ್ ಹೆಣಿಗೆದಕ್ಕೆ ಬದಲಾಯಿಸಿದ್ರು.

ಆಮೇಲೆ ಬೆಂಗಳೂರಿನ ಸ್ಪ್ರಿಂಗ್ ಕಿತ್ತು ಕಂಪನಿ ಸ್ಪ್ರಿಂಗೇ ವಾಪಸ್ ಹಾಕಿದ್ರು! ಶಾಕಪ್ಸ್ ಮಾತ್ರ ಗಟ್ಟಿ ಜಾತಿದು. ನಂಗೆ ಮೊದ್ಲು ನಂಬಿಕೆ ಬರ್ಲಿಲ್ಲ, ಟ್ರ್ಯಾಕಿಗೆ ಅಂದ್ರೆ ಗಾಡಿ ಕೆಳಗಿರ್ಬೇಕಲ್ವಾ ಅಂದೆ. ಅವ್ರು ಜಾಕ್ ಹಾಕಿ ಮುಂದಿನ ಚಕ್ರ ಎತ್ತಿ ತೋರಿಸಿದ್ರು, ಇಳಿಸಿದ ಸ್ಪ್ರಿಂಗಲ್ಲಿ ಚಕ್ರ ಮೇಲೆ ಕೆಳಗೆ ಆಡೋಕೆ ಜಾಗನೇ ಇರ್ಲಿಲ್ಲ, ಬಂಪ್ ಸ್ಟಾಪಿನ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯೋ ತುಂಡು) ರಬ್ಬರ್ ತಿಂದು ಹೋಗಿತ್ತು. ಸ್ಪ್ರಿಂಗ್ ಬದಲು ಆ ರಬ್ಬರ್ ಮೇಲೆ ಕೂತು ಓಡ್ತಿತ್ತು ನನ್ನ ಗಾಡಿ ಒಂದು ವರ್ಷ.

ಕ್ಯಾಂಬರ್ ಕೆಲ್ಸ ನನಗೆ ಬಹಳ ಇಷ್ಟ ಆಗಿದ್ದು. ಕ್ಯಾಂಬರ್ ಅಂದ್ರೆ ಮುಂದಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನೋ ಕೋನ, ಮೈನಸ್ ಅಂದ್ರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದೆ ಅಂತ. ಪುಂಟೊ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು ಶಾಕಪ್ಸು ಒಟ್ಟಿಗಿರೋ ಕಂಬ), ಕ್ಯಾಂಬರ್ ಹೊಂದಿಸೋಕೆ ಕಂಪನಿ ಅವಕಾಶ ಕೊಟ್ಟಿಲ್ಲ, ಅದಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದ್ರು. ಮುಂಚೆ ಎಡಗಡೆ ಮೈನಸ್ 0.4, ಬಲಗಡೆ ಮೈನಸ್ 0.7 ಇತ್ತು, ಈಗ ಎರಡೂ ಕಡೆ ಮೈನಸ್ 1.6 ಡಿಗ್ರಿ. ಇನ್ನೂ ಜಾಸ್ತಿ ಮಾಡಿದ್ರೆ ಟ್ರ್ಯಾಕಲ್ಲಿ ಒಳ್ಳೇದು, ಆದ್ರೆ ದಿನಾ ಓಡ್ಸೋ ಗಾಡಿಗೆ ಟೈರಿನ ಒಳಮೈ ಬೇಗ ಸವೆಯತ್ತೆ ಅಂತ ಅಲ್ಲಿಗೇ ನಿಲ್ಲಿಸಿದ್ರು. ಟೋ, ಅಂದ್ರೆ ಮೇಲಿಂದ ನೋಡಿದಾಗ ಚಕ್ರ ನೇರಕ್ಕಿದೆಯೋ ಒಳಗೋ ಹೊರಗೋ ತಿರುಗಿದೆಯೋ ಅಂತ ನೋಡೋಕೆ ಗಾಡಿಯ ಎರಡೂ ಪಕ್ಕ ಸ್ಟ್ಯಾಂಡ್ ಇಟ್ಟು ನೈಲಾನ್ ದಾರ ಎಳೆದು, ಚಕ್ರದ ಅಂಚಿನಿಂದ ದಾರಕ್ಕೆ ಸ್ಕೇಲಲ್ಲಿ ಅಳತೆ. ತೋಟದಲ್ಲಿ ಗಿಡ ನೆಡೋಕೆ ಸಾಲು ಹಿಡೀತೀವಲ್ಲ, ಥೇಟ್ ಹಂಗೇ. ಆಮೇಲೆ ಹಾಸನದ ಬಿ.ಎಂ. ರೋಡಲ್ಲಿ ಮೆಷಿನ್ ಇರೋ ಕಡೆ ಹೋಗಿ ಖಾತ್ರಿ ಮಾಡ್ಕೊಂಡು ಬನ್ನಿ ಅಂದ್ರು, ಹೋದೆ, ದಾರದ ಲೆಕ್ಕಕ್ಕೂ ಮೆಷಿನ್ ಲೆಕ್ಕಕ್ಕೂ ಹೇಳ್ಕೊಳೋ ವ್ಯತ್ಯಾಸ ಬರ್ಲಿಲ್ಲ.

ಸೈಲೆನ್ಸರ್ ಮುಟ್ಟಿಲ್ಲ. ಮುಟ್ಟಲ್ಲ ಅಂತ್ಲೇ ಹೇಳಿದ್ರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಅದಕ್ಕೇ ಟೈರ್ ಕೂಡ ಕಂಪನಿ ಅಳತೆನೇ, 195/55 ಆರ್16, ರಬ್ಬರ್ ಮಾತ್ರ ಒಳ್ಳೇದು. ಇನ್ನೊಂದು, ನಮ್ಮ ಮಾಮೂಲಿ ಕಾರ್ ಇನ್ಶೂರೆನ್ಸು ರೇಸಿಗೆ, ಸ್ಪೀಡ್ ಟೆಸ್ಟಿಂಗಿಗೆ ಅನ್ವಯ ಆಗಲ್ಲ, ಟ್ರ್ಯಾಕಿಗೆ ಹೋಗೋರು ಪಾಲಿಸಿಯ ಆ ಸಾಲು ಒಂದ್ಸಲ ಓದ್ಕೊಂಡು ಹೋಗಿ.

ಟ್ರ್ಯಾಕ್ ಅಂದ್ರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. 2.1 ಕಿಲೋಮೀಟರ್ ಅಷ್ಟೆ, ಚೆನ್ನೈ ಹತ್ರದ್ದು 3.7 ಇದೆ, ಆದ್ರೆ ನಮಗೆ ಮೈಸೂರು ಚಾಮರಾಜನಗರ ಮೇಲೆ ಕೊಯಮತ್ತೂರೇ ಹತ್ರ. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಬೆಳಕಿರೋವಾಗ್ಲೇ ಇಳಿದ್ವಿ, ಬ್ರೇಕ್ ಮೊದಲನೇದರಿಂದ ಕೊನೇದರ ತನಕ ಒಂದೇ ಥರ. ಅಣ್ಣನ ಹುಡುಗ ಒಬ್ಬ ಜೊತೆಗೆ ಬಂದಿದ್ದ, ಶಾಲೆಲಿ ಬರೆಯೋ ಬಿಳಿ ಸೀಮೆಸುಣ್ಣ ತಂದು ಟೈರಿನ ಭುಜದ ಮೇಲೆ ಅಡ್ಡ ಗೆರೆ ಎಳೆದ. ನಾಲ್ಕು ಲ್ಯಾಪ್ ಹೊಡೆದು ಬಂದ್ರೆ ಗೆರೆ ಎಲ್ಲಿ ತನಕ ಅಳಿಸಿದೆ ಅಂತ ನೋಡೋದು, ತೀರಾ ಕೆಳಗಿನ ತನಕ ಅಳಿಸಿದ್ರೆ ಗಾಳಿ ಕಮ್ಮಿ, ಟೈರ್ ಮಗುಚ್ತಿದೆ ಅಂತ ಅರ್ಥ. ತಣ್ಣಗಿದ್ದಾಗ 27 ಪಿಎಸ್‌ಐ ಇಟ್ಟಿದ್ದು ಬಿಸಿಯಾಗಿ 32ಕ್ಕೆ ಬಂತು, ಗೆರೆ ಸರಿಯಾಗಿ ಅಂಚಿಗೆ ನಿಂತಿತ್ತು. ಹಿಂದಿನ ಸಲ ಮೂರನೇ ಲ್ಯಾಪಿಗೇ ಪೆಡಲ್ ಮೆತ್ತಗಾಗಿ ನಿಧಾನ ಮಾಡಿದ್ದೆ, ಈ ಸಲ ಹದಿನೈದು ನಿಮಿಷ ಪೂರ್ತಿ ಓಡ್ಸಿದ್ರೂ ಪೆಡಲ್ ಇದ್ದಲ್ಲೇ ಇತ್ತು. ಆ ಖುಷಿ ಹೇಳೋಕಾಗಲ್ಲ, ಗಾಡಿ ಇಳಿದು ಬಾನೆಟ್ ಮೇಲೆ ಕೈ ಇಟ್ಕೊಂಡು ಸುಮ್ನೆ ನಿಂತಿದ್ದೆ.

ಬೇಜಾರಾಗಿದ್ದೂ ಇದೆ. ಒಂಬತ್ತು ದಿನ ಅಂದಿದ್ದು ಇಪ್ಪತ್ಮೂರು ದಿನ ಆಯ್ತು, ಶಾಕಪ್ಸ್ ಬರೋದು ತಡ ಆಯ್ತು ಸರಿ, ಆದ್ರೆ ಫೋನ್ ಮಾಡಿ ಹೇಳ್ಬೋದಿತ್ತು, ಪ್ರತಿ ಸಲ ನಾನೇ ಮಾಡ್ಬೇಕಾಯ್ತು. ಲೇಬರ್ ಎಷ್ಟು ಅಂತ ಮೊದಲೇ ಬರೆದು ಕೊಡಲ್ಲ, ನೀವೇ ಕೇಳಿ ಬರೆಸ್ಕೊಳಿ. ವಾರ ಬಿಟ್ಟು ಮುಂದೆ ಎಡಗಡೆ ಟಕ್ ಟಕ್ ಸದ್ದು ಶುರುವಾಯ್ತು, ಸ್ಟ್ರಟ್ ಮೇಲಿನ ನಟ್ ಪೂರ್ತಿ ಟೈಟ್ ಆಗಿರ್ಲಿಲ್ಲ. ಇಂಥದ್ದು ಆಗ್ಬಾರ್ದು. ತಪ್ಪು ನಮ್ದೇ ಅಂತ ಒಪ್ಕೊಂಡು ಅವತ್ತೇ ಬಿಚ್ಚಿ, ಟಾರ್ಕ್ ರೆಂಚ್ ಇಟ್ಟು ಎಲ್ಲಾ ಬೋಲ್ಟೂ ನನ್ನ ಕಣ್ಣೆದುರಿಗೇ ಇನ್ನೊಂದ್ಸಲ ನೋಡಿದ್ರು, ದುಡ್ಡು ತಗೊಳ್ಲಿಲ್ಲ.

ಒಟ್ಟು ಖರ್ಚು ಟೈರೂ ಸೇರಿ 1 ಲಕ್ಷ 18 ಸಾವಿರ, ಅದ್ರಲ್ಲಿ ಲೇಬರ್ 14 ಸಾವಿರ. ದುಡ್ಡು ಕಮ್ಮಿ ಇರೋರು ಬರೀ ಆಯಿಲ್, ಪ್ಯಾಡ್, ಅಲೈನ್‌ಮೆಂಟ್ ಅಷ್ಟೇ ಮಾಡ್ಸಿ, ನನಗೆ ಗೊತ್ತಾದ ಫರಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದ್ರಿಂದ್ಲೇ ಬಂದಿದ್ದು. ಕಾಫಿ ಕುಯ್ಲಿನ ಟೈಮಲ್ಲಿ ಹೋಗ್ಬೇಡಿ, ತೋಟದ ಜೀಪು ಪಿಕಪ್ಪುಗಳೇ ಸಾಲಾಗಿ ನಿಂತಿರ್ತವೆ.

ಹೋದ ವಾರ ಅಮ್ಮನ್ನ ಕರ್ಕೊಂಡು ಮತ್ತೆ ಚಾರ್ಮಾಡಿ ಇಳಿದೆ. ಟ್ರ್ಯಾಕ್ ಪ್ಯಾಡು ಮನೆಲಿ ಪೇಪರಲ್ಲಿ ಸುತ್ತಿ ಇಟ್ಟಿದೀನಿ, ರೋಡ್ ಪ್ಯಾಡಲ್ಲೇ ಹೋಗಿದ್ದು. ಸೋಮನಕಾಡು ದಾಟಿದ್ಮೇಲೆ ಅಮ್ಮ ನಿದ್ದೆ ಮಾಡ್ತಿದ್ರು.