ಡಿವಿಡಿ ಸಾಕೇ, ಬ್ಲೂ-ರೇ ಬೇಕೇ?

ಮೊದಲು ಟಿವಿ ಅಳೆಯಿರಿ. 32 ಇಂಚಿನದನ್ನು ಹತ್ತಡಿ ದೂರದಿಂದ ನೋಡುವ ಮನೆಗೆ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕು) ಪ್ಲೇಯರ್ ದಂಡ. 50 ಇಂಚು ದಾಟಿದರೆ ಮಾತೇ ಬೇರೆ: ಡಿವಿಡಿಯ ಚಿತ್ರ 720×576 ಚುಕ್ಕಿ, ಬ್ಲೂ-ರೇಯದು 1920×1080, ಸರಿಯಾಗಿ ಐದು ಪಟ್ಟು. ಆದರೆ ಹಳೆಯ ಹಳದಿ-ಕೆಂಪು-ಬಿಳಿ ವೈರನ್ನೇ ಚುಚ್ಚಿದರೆ ದುಡ್ಡು ಹೊಳೆಗೆ ಹಾಕಿದಂತೆ. ಅದರಲ್ಲಿ ಎಚ್‌ಡಿ ಬರುವುದಿಲ್ಲ, ಎಚ್‌ಡಿಎಂಐ ಕೇಬಲ್ಲೇ ಬೇಕು. ಮನೆಯ ಡಿವಿಡಿಗಳು ಬ್ಲೂ-ರೇ ಪ್ಲೇಯರ್‌ನಲ್ಲೂ ಓಡುತ್ತವೆ, ತುಸು ನಯವಾಗಿ ಕಾಣುತ್ತವೆ, ಅಷ್ಟೇ. ಡಿಸ್ಕಿನಲ್ಲೇ ಇಲ್ಲದ ವಿವರ ಎಲ್ಲಿಂದ ಬರಬೇಕು?

ವಿಸಿಡಿಯನ್ನು ಕೆಲವು ಪ್ಲೇಯರ್‌ಗಳು ಓದುವುದೇ ಇಲ್ಲ. ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಗೆ ಹೊರಟಾಗ ಒಂದು ವಿಸಿಡಿ ಚೀಲದಲ್ಲಿರಲಿ, ಅಲ್ಲೇ ಹಾಕಿಸಿ ನೋಡಿ. ಅಮೆರಿಕದಿಂದ ಪ್ಲೇಯರ್ ತರಿಸುವ ಯೋಚನೆ ಬೇಡ: ಅಲ್ಲಿನ ಬ್ಲೂ-ರೇ ರೀಜನ್ (ಯಾವ ದೇಶಗಳ ಡಿಸ್ಕು ಓಡಬೇಕೆಂಬ ಗುರುತು) ‘ಎ’, ನಮ್ಮದು ‘ಸಿ’. ಕನ್ನಡ ಸಿನಿಮಾಗಳು ಬ್ಲೂ-ರೇಯಲ್ಲಿ ಸಿಗುವುದೂ ಅಪರೂಪ.